ಶವದಿಣ್ಣೆಯ ಕಾಲನಿರ್ಣಯ

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಏವ್‌ಬರಿ ಗ್ರಾಮದ ಸಮೀಪದಲ್ಲಿ, ಸೀಮೆಸುಣ್ಣದ ಕಲ್ಲಿನ ಗುಡ್ಡವೊಂದರ ಮೇಲೆ ಸುಮಾರು 100 ಮೀಟರು ಉದ್ದದ ದಿಣ್ಣೆಯೊಂದಿದೆ. ಇದರ ಪೂರ್ವದ ತುದಿಯಲ್ಲಿ ಹೆಬ್ಬಂಡೆಗಳಿಂದ ರಚಿಸಿದ ಐದು ಕೋಣೆಗಳಿವೆ. ವೆಸ್ಟ್ ಕೆನೆಟ್ ದಿಣ್ಣೆಯೆಂದು ಪ್ರಸಿದ್ಧವಾದ ಇದು, ಆ ನಾಡಿನ ಆದಿಕಾಲದ ಬೇಸಾಯಗಾರರ ಸಮಾಧಿ.

1859ರಲ್ಲಿ ಜಾನ್ ಥರ್ನಮ್ ಇದರ ಒಂದು ಕೋಣೆಯನ್ನೂ, 1955-56ರಲ್ಲಿ ಸ್ಟುವರ್ಟ್ ಪಿಗಟ್ ಮತ್ತು ರಿಚರ್ಡ್ ಅಟ್ಕಿನ್ಸನ್ ಉಳಿದ ನಾಲ್ಕನ್ನೂ ಅಗೆದರು. ದೊರೆತ ಮೂಳೆಗಳು ಸುಮಾರು 36 ಮಂದಿಯವು. ತಲೆಮಾರಿನ ಮೇಲೆ ತಲೆಮಾರಿನವರು ಬಹು ದೀರ್ಘಕಾಲ ಇಲ್ಲಿಗೆ ಶವಗಳನ್ನು ತರುತ್ತಿದ್ದರೆಂದು ವಿದ್ವಾಂಸರು ಬಗೆದರು. ಇದು ನಿಜವೇ? ಮೂಳೆಗಳಲ್ಲಿರುವ ಇಂಗಾಲವನ್ನೇ ನಾವು ಕೇಳೋಣ.

ವಿಶ್ವಕಿರಣಗಳ ಹೊಡೆತದಿಂದ ಮೇಲಿನ ವಾಯುಮಂಡಲದಲ್ಲಿ ನ್ಯೂಟ್ರಾನುಗಳು ಹುಟ್ಟಿ, ಸಾರಜನಕದ ಪರಮಾಣುಗಳನ್ನು ವಿಕಿರಣಶೀಲವಾದ ಇಂಗಾಲ-14 ಆಗಿ ಮಾರ್ಪಡಿಸುತ್ತವೆ. ಸಸ್ಯಗಳು ಗಾಳಿಯಿಂದ ಹೀರಿದ ಈ ಇಂಗಾಲವು ಆಹಾರದ ಮೂಲಕ ನಮ್ಮ ಮೂಳೆಗಳನ್ನು ಸೇರುತ್ತದೆ. ಮರಣದೊಡನೆ ಆದಾಯ ನಿಲ್ಲುತ್ತದೆ; ವ್ಯಯ ಮಾತ್ರ ಸಾಗುತ್ತದೆ. 5730 ವರ್ಷಗಳಲ್ಲಿ ಅದರ ಅರ್ಧ ಉಳಿಯುತ್ತದೆ. ಮತ್ತೆ ಅಷ್ಟೇ ವರ್ಷಗಳಲ್ಲಿ ಆ ಅರ್ಧದ ಅರ್ಧ. ಉಳಿದುದನ್ನು ಅಳೆದರೆ ಮರಣದ ಕಾಲ ತಿಳಿಯುತ್ತದೆ. ಈ ವಿಧಾನವನ್ನು ರೂಪಿಸಿದ ಅಮೆರಿಕದ ವಿಲಾರ್ಡ್ ಲಿಬ್ಬಿ 1960ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಆದರೆ ತೊಡಕುಗಳು ಎರಡು. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ವರ್ಷಕ್ಕೊಂದರಂತೆ ಬೆಳೆದ ಮರದ ಉಂಗುರಗಳನ್ನು ಎಣಿಸಿ, ಅವುಗಳ ಇಂಗಾಲವನ್ನು ಅಳೆದು, ಈ ದೋಷವನ್ನು ತಿದ್ದುತ್ತಾರೆ. ತಿದ್ದಿದ ಮೇಲೆಯೂ ಒಂದು ಮೂಳೆಯ ಕಾಲವು ನೂರು ಇನ್ನೂರು ವರ್ಷಗಳ ಅವಧಿಯೊಳಗೆ ಎಲ್ಲಿಯೋ ಇದೆಯೆಂದಷ್ಟೇ ಹೇಳಬಹುದು. ಆದುದರಿಂದ ಒಂದೇ ವರ್ಷದಲ್ಲಿ ಸತ್ತ ಹತ್ತು ಮಂದಿಯ ಮೂಳೆಗಳನ್ನು ಅಳೆದರೂ, ಮರಣಗಳು ಶತಮಾನದುದ್ದಕ್ಕೂ ಚದರಿದಂತೆ ತೋರಬಹುದು! ಇಲ್ಲಿ ಸಂಭಾವ್ಯತಾ ಗಣಿತವು ನೆರವಿಗೆ ಬರುತ್ತದೆ. ಹಲವು ಅಳತೆಗಳನ್ನೂ, ಅಡಿಯ ಪದರದ ಮೂಳೆಯು ಮೇಲಿನದಕ್ಕಿಂತ ಹಳೆಯದೆಂಬಂತಹ ಸಾಕ್ಷ್ಯಗಳನ್ನೂ ಒಟ್ಟಿಗೆ ತೂಗಿದರೆ ಅವಧಿ ಕಿರಿದಾಗುತ್ತದೆ.

ಅಂತಹ ಲೆಕ್ಕವನ್ನು ಅಲಸ್ಡೇರ್ ವಿಟಲ್, ಅಲೆಕ್ಸ್ ಬೇಲಿಸ್ ಮೊದಲಾದವರು 2007ರಲ್ಲಿ ಪ್ರಕಟಿಸಿದರು. ದಿಣ್ಣೆಯನ್ನು ಕಟ್ಟಿದುದು ಬಹುಶಃ ಕ್ರಿ.ಪೂ. 3670-3635ರ ನಡುವೆ, ಮೊದಲ ಹಂತದ ಶವಗಳನ್ನೆಲ್ಲ ಇರಿಸಿದುದು ಬಹುಶಃ 10ರಿಂದ 30 ವರ್ಷಗಳೊಳಗೆ. ಕೋಣೆಗಳನ್ನು ಮಣ್ಣಿನಿಂದ ತುಂಬಿ ಬಂಡೆಗಳಿಂದ ಬಾಯಿ ಮುಚ್ಚಿದುದು ಎಷ್ಟೋ ಕಾಲದ ಅನಂತರ.

ಹೀಗೆ, ಬಹುಕಾಲದ ಪರಂಪರೆಯೆಂದು ತೋರಿದುದು ಒಂದು ತಲೆಮಾರಿನ ಕಾರ್ಯವೆಂದು ತಿಳಿದುಬಂದಿತು. ಬಂಡೆಗಳನ್ನು ಎಳೆದು ನಿಲ್ಲಿಸಿದ ತರುಣನೇ ಕೊನೆಯ ಶವಕ್ಕೂ ಹೆಗಲು ಕೊಟ್ಟಿರಬಹುದು. ಹಾಗಾದರೆ ಅಲ್ಲಿ ಮಲಗಿದವರೆಲ್ಲರ ಮುಖವನ್ನೂ ಹೆಸರನ್ನೂ ಅವನು ಬಲ್ಲವನಾಗಿದ್ದನು.