ಹೋದ ಹಣ, ಬಾರದ ಉತ್ತರ

ಕಳೆದ ಕಾಫಿ ಕುಯ್ಲಿನ ಒಂದು ಶನಿವಾರ. ವಾರದ ಬಟವಾಡೆ. ಹಣ್ಣು ತೂಗಿ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಾ ಬಂದಿತ್ತು. ಮೇಸ್ತ್ರಿಯ ಖಾತೆಗೆ ನಾವು ಫೋನಿನಲ್ಲೇ 6,400 ರೂಪಾಯಿ ಕಳಿಸಿದೆವು. ನಮ್ಮ ಖಾತೆಯಿಂದ ಹಣ ಹೋಯಿತು, ಅವರ ಖಾತೆಗೆ ಬರಲಿಲ್ಲ. ಸಿಗ್ನಲ್ ಸಿಗುವ ದಿಣ್ಣೆಯವರೆಗೆ ಹತ್ತಿ ನೋಡಿದ್ದೂ ಆಯಿತು.

"ನೀವು ಹಾಕಿದೀನಿ ಅಂತೀರಿ ಗೌಡ್ರೆ, ನಂಗೆ ಬಂದಿಲ್ವಲ್ಲ. ನಾಳೆ ಸಂತೆಗೆ ಏನು ಮಾಡ್ಲಿ?" ಎಂದರು ಮೇಸ್ತ್ರಿ. ನೆರೆಮನೆಯಿಂದ ಕೈಗಡ ತಂದು ಕೊಟ್ಟೆವು. ಸೋಮವಾರ ಬ್ಯಾಂಕಿಗೆ ಹೋದರೆ "ಸರ್ವರ್ ತೊಂದರೆ, ಕಾಯಿರಿ" ಎಂಬ ಒಂದೇ ಮಾತು. ಮಂಗಳವಾರ ಹಣ ನಮ್ಮ ಖಾತೆಗೇ ಮರಳಿತು. ಏಕೆ ಹೋಯಿತು, ಏಕೆ ಬಂತು ಎಂದು ಹೇಳಿದವರಿಲ್ಲ.

ಹಣ ತಡವಾದದ್ದಕ್ಕಿಂತ ನಮ್ಮನ್ನು ನೋಯಿಸಿದ್ದು ಈ ಮೌನ. ಸಂಘದ ತಕ್ಕಡಿಯಲ್ಲಿ ಅಡಿಕೆ ತೂಕ ಹೆಚ್ಚುಕಡಿಮೆ ಕಂಡರೆ ಗುಮಾಸ್ತರು ನಮ್ಮೆದುರಿಗೇ ಮತ್ತೆ ತೂಗುತ್ತಾರೆ. ತಪ್ಪಾಗಿದ್ದರೂ ಮರುವರ್ಷ ನಾವು ಅಲ್ಲಿಗೇ ಮೂಟೆ ಒಯ್ಯುತ್ತೇವೆ. ಫೋನಿನ ಬ್ಯಾಂಕಿಗೆ ಎದುರಿಗೆ ನಿಲ್ಲುವ ಗುಮಾಸ್ತರಿಲ್ಲ. ಆದ್ದರಿಂದಲೇ ಅಲ್ಲಿ ಸ್ಪಷ್ಟ ಉತ್ತರ ಇನ್ನೂ ಹೆಚ್ಚು ಬೇಕು.

ಆಮೇಲೆ ವಿಚಾರಿಸಿದಾಗ ತಿಳಿಯಿತು, ನಿಯಮ ನಮ್ಮ ಪರವಾಗಿಯೇ ಇದೆ. ಯುಪಿಐ ಮೂಲಕ ಒಬ್ಬರಿಗೆ ಕಳಿಸಿದ ಹಣ ಅವರ ಖಾತೆಗೆ ಜಮಾ ಆಗದಿದ್ದರೆ ಮರುದಿನದೊಳಗೆ ಹಿಂದಿರುಗಿಸಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳುವ ಮೊದಲೇ. ರಿಸರ್ವ್ ಬ್ಯಾಂಕು 2019ರಲ್ಲಿ ಹೊರಡಿಸಿದ ಆದೇಶವಿದು. ಅಂಗಡಿಗೆ ಕೊಟ್ಟ ಹಣವಾದರೆ ಗಡುವು 5 ದಿನ. ರಜೆ, ಭಾನುವಾರವೆಂಬ ವಿನಾಯಿತಿಯಿಲ್ಲ. ಆ ಲೆಕ್ಕದಲ್ಲಿ ನಮಗೆ 200 ರೂಪಾಯಿ ಬರಬೇಕಿತ್ತು. ಕೇಳದೆ ಬರಲಿಲ್ಲ, ಬರೆದು ಕೊಟ್ಟ ಮೇಲೆ ಬಂತು.

ಬರೆದು ಕೊಡಲು ಬೇಕಾದದ್ದು ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆ. ಸದಸ್ಯ ಬಾಂಧವರು ಅದನ್ನು ಬಟವಾಡೆ ಪುಸ್ತಕದಲ್ಲೇ ಗುರುತು ಹಾಕಿಕೊಳ್ಳುವುದು ಮೇಲು. ಫೋನು ಕೆರೆಗೆ ಬೀಳುವುದೂ ಉಂಟು! ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು.

ಮೋಸದ ಮಾತು ಬೇರೆ. ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ತಿಳಿವಳಿಕೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲವೆಂದು 2017ರ ಆದೇಶ ಹೇಳುತ್ತದೆ. ಆದರೆ ಪಿನ್ನನ್ನೋ ಒಟಿಪಿಯನ್ನೋ ನಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮ ತಲೆಗೇ. ಅಂಥ ಹೊತ್ತಿನಲ್ಲಿ ಶಾಖೆ ತೆರೆಯಲೆಂದು ಕಾಯದೆ 1930ಕ್ಕೆ ಕರೆ ಮಾಡತಕ್ಕದ್ದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿರಿ.

ನಮ್ಮ ಮೇಸ್ತ್ರಿ ಈ ಕುಯ್ಲಿಗೆ ಅರ್ಧ ನಗದು, ಅರ್ಧ ಫೋನು ಎಂದಿದ್ದಾರೆ. ನಾವೂ ಒಪ್ಪಿದ್ದೇವೆ. ಫೋನಿನ ಅರ್ಧವನ್ನು ಶನಿವಾರದ ಬದಲು ಶುಕ್ರವಾರ ಬೆಳಿಗ್ಗೆಯೇ ಕಳಿಸುವುದೆಂದು ಮಾತಾಗಿದೆ.