ಬೆಟ್ಟದ ಊರಿಗೆ ಕಾರಲ್ಲಿ ಹೋಗ್ತೀರಾ? ಮೊದಲು ಕಾರಿಗೆ ಜಾಗ ನೋಡಿ, ಆಮೇಲೆ ನಿಮಗೆ ರೂಮು

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

 

ಹೋದ ವಾರ ಚಳ್ಳಕೆರೆಯ ನನ್ನ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನು ಹೆಂಡತಿ ಜೊತೆ ಇಟಲಿಗೆ ಹೊರಟಿದ್ದಾನೆ. ಸಮುದ್ರದ ಪಕ್ಕದ ಕಡಿದಾದ ಗುಡ್ಡಕ್ಕೆ ಅಂಟಿಕೊಂಡಿರೋ ಬಣ್ಣಬಣ್ಣದ ಮನೆಗಳ ಫೋಟೊ ನೀವೂ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿರ್ತೀರಿ. "ಬಾಡಿಗೆ ಕಾರು ತಗೊಂಡು ಹೋಗ್ಬೇಕು ಅಂದ್ಕೊಂಡಿದೀವಿ. ಅಲ್ಲಿ ಕಾರು ಎಲ್ಲಿ ನಿಲ್ಲಿಸೋದು, ಎಲ್ಲಿ ಉಳ್ಕೊಳ್ಳೋದು ಮಾರಾಯ?" ಅಂತ ಕೇಳಿದ. ನಾನು, "ನಮ್ಮ ಮೊಳಕಾಲ್ಮುರಲ್ಲಿ ನಾನು ಮಾಡಿದ ತಪ್ಪು ನೀನು ಮಾಡ್ಬೇಡ" ಅಂದೆ. ಅವನು ನಕ್ಕ. ಆದ್ರೆ ನಾನು ತಮಾಷೆ ಮಾಡ್ತಿರಲಿಲ್ಲ. ಇವತ್ತಿನ ಎಪಿಸೋಡ್ ಆ ತಪ್ಪಿನ ಬಗ್ಗೆ, ಮತ್ತೆ ಅದರಿಂದ ಕಲಿತದ್ದರ ಬಗ್ಗೆ.

ಅಕ್ಷರಗುಂಡಿನಿಂದ ಬಳೆಗಾರ ಗುಂಡಿಗೆ

ಮೊದಲು ಜಾಗದ ಪರಿಚಯ. ಬೆಂಗಳೂರಿಂದ ಹಿರಿಯೂರು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ಚಳ್ಳಕೆರೆ. ಇದೇ ರಸ್ತೆ ಮುಂದೆ ಬಳ್ಳಾರಿಗೆ ಹೋಗುತ್ತೆ. ಚಳ್ಳಕೆರೆ ಅಂದ್ರೆ ಶೇಂಗಾ, ಎಣ್ಣೆ ಮಿಲ್ಲು. ಅದರ ಪಕ್ಕದ ತಾಲ್ಲೂಕು ಮೊಳಕಾಲ್ಮುರು ಅಂದ್ರೆ ರೇಷ್ಮೆ ಸೀರೆ. ಆದ್ರೆ ಈ ಕಡೆ ಬಂಡೆಗಳ ನಡುವೆ ಇನ್ನೊಂದು ಆಸ್ತಿ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಸಾಮ್ರಾಟ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದವು. 1892ರಲ್ಲಿ ಬಿ.ಎಲ್. ರೈಸ್ ಇವನ್ನ ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು.

ಬ್ರಹ್ಮಗಿರಿಯ ಶಾಸನದ ಬಂಡೆಗೆ ಊರಿನವರು ಇಟ್ಟ ಹೆಸರು ಅಕ್ಷರಗುಂಡು. ಅದಕ್ಕೆ ಔಷಧಿ ಗುಣ ಇದೆ ಅಂತ ಹಿಂದಿನವರು ನಂಬಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆ ಮೇಲೆ ಅಂಗಡಿ ಹಾಕ್ತಿದ್ದರು, ಅದಕ್ಕೇ ಆ ಹೆಸರು. ಆ ಶಾಸನದ ಅಕ್ಷರಗಳು ಈಗ ತುಂಬಾ ಸವೆದಿವೆ.

ವ್ಯತ್ಯಾಸ ಗಮನಿಸಿ. ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳು ಕೆಳಗೇ ಇವೆ, ಹೆಚ್ಚು ಹತ್ತೋ ಕೆಲಸ ಇಲ್ಲ. ಜಟಿಂಗ ರಾಮೇಶ್ವರ ಹಾಗಲ್ಲ. ಅದು ಕಡಿದಾದ ಬೆಟ್ಟ, ಮೆಟ್ಟಿಲು ಹತ್ತಬೇಕು. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದ ಜಾಗ ಅಂತ ಇಲ್ಲಿನವರ ನಂಬಿಕೆ. ಮೇಲೆ ಹಳೇ ದೇವಸ್ಥಾನ ಇದೆ. ಅಪ್ಪ-ಅಮ್ಮನ ಜೊತೆ ಹೋಗೋರು, ಮಂಡಿ ನೋವಿದ್ದರೆ, ಮೊದಲ ಎರಡನ್ನ ನೋಡಿ ಸಮಾಧಾನ ಪಟ್ಕೊಳ್ಳಿ.

ನಾನು ಮಾಡಿದ ತಪ್ಪು

ಆವತ್ತು ನಾನೂ ನನ್ನ ಚಿಕ್ಕಪ್ಪನ ಮಗನೂ ಹೊರಟಿದ್ದೆವು. ಬೆಳಿಗ್ಗೆ ಬ್ರಹ್ಮಗಿರಿ ನೋಡಿ, ಅಲ್ಲಿಂದ ಇನ್ನೊಂದು ಬೆಟ್ಟಕ್ಕೆ ಬಂದ್ವಿ. ಆ ಊರಿನ ಹೆಸರು ಬೇಡ. ಬೆಟ್ಟದ ಬುಡದ ಊರು, ಓಣಿ ಮುಗಿಯೋ ಕಡೆ ಮೆಟ್ಟಿಲು ಶುರು. ಮ್ಯಾಪ್ ಹೇಳಿದ ಹಾಗೆ ಓಣಿ ಒಳಗೇ ಕಾರು ನುಗ್ಗಿಸಿದೆ. ಒಂದು ಮನೆ ಪಕ್ಕ ಸ್ವಲ್ಪ ಜಾಗ ಇತ್ತು, ನಿಲ್ಲಿಸಿದೆ. ಲಾಕ್ ಮಾಡ್ದೆ. ಹತ್ತೋಕೆ ಶುರು ಮಾಡಿದ್ವಿ. ಯಾರನ್ನೂ ಏನೂ ಕೇಳಲಿಲ್ಲ.

ಎರಡೂವರೆ ಗಂಟೆ ಬಿಟ್ಟು ಕೆಳಗೆ ಬಂದಾಗ ಕಾರಿನ ಸುತ್ತ ಜನ. ಯಾರೂ ಕೂಗಾಡ್ತಿರಲಿಲ್ಲ, ಅದೇ ನನಗೆ ಭಯ ಆಯ್ತು. ವಿಷಯ ಏನಂದ್ರೆ, ಓಣಿ ಒಳಗಿನ ಮನೆಯ ಅಜ್ಜಿಗೆ ಉಸಿರಾಟದ ತೊಂದರೆ ಆಗಿತ್ತು. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಆಟೊ ಬಂದಿತ್ತು. ನನ್ನ ಕಾರು ದಾಟಿ ಒಳಗೆ ಬರೋಕೆ ಆಗಲಿಲ್ಲ. ಮೇಲೆ ನೆಟ್‌ವರ್ಕ್ ಇರಲಿಲ್ಲ. ಇದ್ದಿದ್ದರೂ ಅಷ್ಟೇ, ಕಾರಿನ ಮೇಲೆ ನನ್ನ ನಂಬರ್ ಬರೆದಿಟ್ಟಿರಲಿಲ್ಲ. ಅವರು ಅಜ್ಜಿಯನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹಿಡ್ಕೊಂಡು, ನನ್ನ ಕಾರಿನ ಪಕ್ಕ ಗೋಡೆಗೆ ಒರಸಿಕೊಂಡು ಆಟೊ ತನಕ ಹೊತ್ತಿದ್ದರು.

ಅಜ್ಜಿ ಹುಷಾರಾದರು. ಸಂಜೆ ಫೋನ್ ಮಾಡಿ ಕೇಳಿಕೊಂಡೆ. ಆದ್ರೆ ಅಲ್ಲಿ ಕಟ್ಟೆ ಮೇಲೆ ಕೂತಿದ್ದ ಒಬ್ಬ ಯಜಮಾನರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಯಾವೂರಪ್ಪಾ ನಿಂದು? ಮುಂದಿನ್ಸಲ ಬಂದ್ರೆ ಆ ಬೇವಿನ ಮರದ ತಾವ ನಿಲ್ಸಪ್ಪಾ. ನಾಕ್ ಹೆಜ್ಜೆ ನಡೀಬೇಕು ಅಷ್ಟೇ."

ಆ ಬೇವಿನ ಮರ ಊರ ಬಾಗಿಲಲ್ಲೇ ಇತ್ತು. ಐದು ನಿಮಿಷದ ನಡಿಗೆ. ಬೆಟ್ಟ ಹತ್ತೋಕೆ ಬಂದವನು ಐದು ನಿಮಿಷ ನಡೆಯೋಕೆ ಬೇಜಾರು ಮಾಡ್ಕೊಂಡಿದ್ದೆ. ತಮಾಷೆ ನೋಡಿ, ಆ ಬೆಳಿಗ್ಗೆ ನಾನು ಫೋಟೊ ತೆಗೆದ ಬ್ರಹ್ಮಗಿರಿ ಶಾಸನದಲ್ಲಿ ತಂದೆ-ತಾಯಿ, ಗುರು-ಹಿರಿಯರಿಗೆ ಗೌರವ ಕೊಡಿ ಅನ್ನೋ ಅರ್ಥದ ಮಾತೇ ಇದೆ.

ಕಾರು ನಿಲ್ಲಿಸೋ ಮುಂಚೆ

ಇದಾದ ಮೇಲೆ ನಾನು ಪಾಲಿಸೋ ನಿಯಮ ಒಂದೇ: ಮ್ಯಾಪ್‌ನ ಕೊನೇ ಚುಕ್ಕೆಗೆ ಕಾರು ಒಯ್ಯೋದಿಲ್ಲ. ಊರ ಹೊರಗೆ, ಅಗಲ ಇರೋ ಕಡೆ ನಿಲ್ಲಿಸಿ ನಡೀತೀನಿ. ಹೊರಟಾಗ ತಿರುಗಿಸೋ ಕಷ್ಟ ಬೇಡ ಅಂತ ಮುಖ ರಸ್ತೆ ಕಡೆ ಮಾಡಿಯೇ ನಿಲ್ಲಿಸ್ತೀನಿ. ಇನ್ನು ಕೆಲವು ಸಣ್ಣ ವಿಷಯ.

ಕೇಳಿ. ಕಟ್ಟೆ ಮೇಲೆ ಕೂತವರು, ಟೀ ಅಂಗಡಿಯವರು, ಯಾರನ್ನಾದ್ರೂ "ಅಣ್ಣ, ಇಲ್ಲಿ ಗಾಡಿ ನಿಲ್ಲಿಸಬಹುದಾ? ಯಾರಿಗಾದ್ರೂ ತೊಂದರೆ ಆಗುತ್ತಾ?" ಅಂತ ಕೇಳಿದರೆ ಸಾಕು. ಕೇಳಿದವರ ಗಾಡಿ ಮೇಲೆ ಅವರೇ ಒಂದು ಕಣ್ಣಿಟ್ಟಿರ್ತಾರೆ. ಫೋನ್ ನಂಬರ್ ಚೀಟಿ ಗಾಜಿನ ಒಳಗೆ ಕಾಣೋ ಹಾಗಿಡಿ. ಮೇಲೆ ನೆಟ್‌ವರ್ಕ್ ಇರಲ್ಲ ಅನ್ಸಿದ್ರೆ, ಜೊತೆಗೆ ಬಂದವರಲ್ಲಿ ಡ್ರೈವಿಂಗ್ ಗೊತ್ತಿರೋ ಒಬ್ಬರು ಕೀ ಜೊತೆ ಕೆಳಗೇ ಇರಲಿ.

ಖಾಲಿ ಕಾಣೋ ಜಾಗ ಎಲ್ಲಾ ಖಾಲಿ ಅಲ್ಲ. ಸಪಾಟಾಗಿ, ಸಗಣಿ ಸಾರಿಸಿದ ಹಾಗೆ ಚೊಕ್ಕ ಇದ್ದರೆ ಅದು ಕಣ. ಶೇಂಗಾ ಸುಗ್ಗಿಯಲ್ಲಿ ಅಲ್ಲಿ ಫಸಲು ಒಣಗುತ್ತೆ. ನಿಮ್ಮ ಟೈರಿನ ಕೆಳಗೆ ಯಾರದೋ ವರ್ಷದ ಗಳಿಕೆ ಇರಬಹುದು. ಒಣ ಹುಲ್ಲಿನ ಮೇಲೂ ನಿಲ್ಲಿಸಬೇಡಿ. ದೂರ ಓಡಿದ ಕಾರಿನ ಸೈಲೆನ್ಸರ್ ಕಾದಿರುತ್ತೆ, ಹುಲ್ಲಿಗೆ ಬೆಂಕಿ ಹತ್ತಬಹುದು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ತುಂಬಾ ಕಡಿಮೆ ಮಳೆ ಬೀಳೋ ತಾಲ್ಲೂಕುಗಳು. ಇಲ್ಲಿ ಹುಲ್ಲು ಬೇಗ ಒಣಗುತ್ತೆ.

ಇಳಿಜಾರಲ್ಲಿ ನಿಲ್ಲಿಸಲೇಬೇಕಾಯ್ತಾ? ಬರೀ ಹ್ಯಾಂಡ್‌ಬ್ರೇಕ್ ನಂಬಬೇಡಿ. ಮುಖ ಮೇಲಕ್ಕಿದ್ದರೆ ಫಸ್ಟ್ ಗೇರ್, ಕೆಳಕ್ಕಿದ್ದರೆ ರಿವರ್ಸ್ ಗೇರ್ ಹಾಕಿಡಿ. ಆಟೊಮ್ಯಾಟಿಕ್ ಆದ್ರೆ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಕಾರು ಉರುಳಿದರೂ ರಸ್ತೆ ಮಧ್ಯಕ್ಕೆ ಬರದೆ ದಿಬ್ಬಕ್ಕೆ ತಾಗಿ ನಿಲ್ಲೋ ಹಾಗೆ ಚಕ್ರ ತಿರುಗಿಸಿ. ಟೈರಿಗೆ ಒಂದು ಕಲ್ಲು ಕೊಡಿ, ಹೊರಡುವಾಗ ಆ ಕಲ್ಲನ್ನ ಪಕ್ಕಕ್ಕೆ ಹಾಕಿ. ಹಿಂದೆ ಬರೋ ಬೈಕಿನವನು ಅದರ ಮೇಲೆ ಹತ್ತಿಸೋದು ಬೇಡ.

ಉಳಿಯೋದು ಎಲ್ಲಿ?

ಬೆಟ್ಟದ ಬುಡದಲ್ಲೇ ರೂಮ್ ಸಿಗುತ್ತೆ ಅಂತ ನಂಬ್ಕೊಂಡು ಸಂಜೆ ಹೋಗಬೇಡಿ. ಈ ಬೆಟ್ಟಗಳಲ್ಲಿ ಕರಡಿ, ಚಿರತೆ ಓಡಾಡುತ್ತೆ. ಕತ್ತಲಾದ ಮೇಲೆ ಮೆಟ್ಟಿಲ ಮೇಲೆ ಇರಬಾರದು, ಕಾರಲ್ಲೇ ಮಲಗ್ತೀವಿ ಅನ್ನೋ ಪ್ಲಾನೂ ಬೇಡ. ಚಳ್ಳಕೆರೆಯಲ್ಲಿ ಲಾಡ್ಜ್‌ಗಳಿವೆ. ಮೊಳಕಾಲ್ಮುರು ಚಿಕ್ಕ ಊರು, ಅಲ್ಲಿ ಆಯ್ಕೆ ಕಡಿಮೆ. ಫ್ಯಾಮಿಲಿ ಜೊತೆ ಇದ್ದು, ಸ್ವಲ್ಪ ಅನುಕೂಲ ಬೇಕು ಅಂದ್ರೆ ಚಿತ್ರದುರ್ಗದಲ್ಲಿ ಉಳಿದು ಬೆಳಗಿನ ಜಾವ ಹೊರಡಿ. ಬಿಸಿಲಿಗೆ ಬಂಡೆ ಕಾಯೋ ಮುಂಚೆ ಹತ್ತಿ ಇಳಿಬೇಕು.

ಇಲ್ಲಿ ನಾನು ಕಲಿತ ಎರಡನೇ ಪಾಠ. ರೂಮ್ ಬುಕ್ ಮಾಡೋಕೆ ಫೋನ್ ಮಾಡಿದಾಗ ಎಸಿ ಇದೆಯಾ, ಬಿಸಿನೀರು ಬರುತ್ತಾ ಅಂತ ಎಲ್ಲರೂ ಕೇಳ್ತೀವಿ. ಮೊದಲು ಕೇಳಬೇಕಾದ್ದು ಇವು: ಪಾರ್ಕಿಂಗ್ ನಿಮ್ಮ ಕಾಂಪೌಂಡ್ ಒಳಗಾ, ರಸ್ತೆ ಮೇಲಾ? ರಾತ್ರಿ ಗೇಟ್ ಹಾಕಿದರೆ ಬೆಳಿಗ್ಗೆ ಎಷ್ಟು ಗಂಟೆಗೆ ತೆಗೀತೀರಿ? ನಮ್ಮ ಕಾರಿನ ಹಿಂದೆ ಬೇರೆಯವರು ನಿಲ್ಲಿಸಿದರೆ ಅವರ ಕೀ ರಿಸೆಪ್ಷನ್‌ನಲ್ಲಿ ಇರುತ್ತಾ? ಒಂದು ಸಲ ಬೆಳಿಗ್ಗೆ ಐದಕ್ಕೆ ರೆಡಿಯಾಗಿ ನಿಂತಿದ್ದೆ. ನನ್ನ ಕಾರಿನ ಹಿಂದೆ ಇನ್ನೊಬ್ಬರ ಇನ್ನೋವಾ ಇತ್ತು. ಅವರು ಎದ್ದದ್ದು ಎಂಟಕ್ಕೆ. ಆವತ್ತು ನಾವು ಬೆಟ್ಟ ಹತ್ತಿದ್ದು ನಡು ಬಿಸಿಲಲ್ಲಿ.

ಇನ್ನೊಂದು ಎಚ್ಚರಿಕೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಜಾತ್ರೆ ನಡೆಯುತ್ತೆ, ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ. ರಥೋತ್ಸವಕ್ಕೆ ಸುತ್ತಲ ಜಿಲ್ಲೆಗಳಿಂದ, ಪಕ್ಕದ ಆಂಧ್ರದಿಂದಲೂ ಭಾರೀ ಜನ ಬರ್ತಾರೆ. ಆ ದಿನಗಳಲ್ಲಿ ರೂಮಿನ ಆಸೆ ಬಿಡಿ. ಜಾತ್ರೆಗೇ ಹೋಗೋರಾದ್ರೆ ವಾಹನಗಳನ್ನ ಊರ ಹೊರಗೇ ನಿಲ್ಲಿಸ್ಬೇಕಾಗುತ್ತೆ. ವಾಪಸ್ ಯಾವ ಊರಿನ ಕಡೆ ಹೋಗ್ತೀರೋ ಆ ದಿಕ್ಕಿನ ಬಯಲಲ್ಲೇ ನಿಲ್ಲಿಸಿ. ಇಲ್ಲಾಂದ್ರೆ ತೇರು ಮುಗಿದ ಮೇಲೆ ಆ ಜನಸಾಗರ ದಾಟಿ ಕಾರು ತೆಗೆಯೋದರಲ್ಲೇ ರಾತ್ರಿ ಆಗುತ್ತೆ.

ಹಾಗಾದ್ರೆ ಇಟಲಿ?

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಇಟಲಿಯ ಚಿಂಕ್ವೆ ತೆರ್ರೆ ಅಂದ್ರೆ ಐದು ಪುಟ್ಟ ಊರುಗಳು. 1997ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಈ ಊರುಗಳ ಒಳಗೆ ಹೊರಗಿನವರ ಕಾರಿಗೆ ಜಾಗ ಇಲ್ಲ ಅಂತಾನೇ ತಿಳ್ಕೊಳ್ಳಿ. ಪಾರ್ಕಿಂಗ್ ಇರೋದು ಊರಿನ ಅಂಚಲ್ಲಿ, ಅದೂ ಸ್ವಲ್ಪವೇ, ದುಬಾರಿ. ಐದರಲ್ಲಿ ಮೊಂತೆರೊಸ್ಸೊದಲ್ಲಿ ಮಾತ್ರ ಸ್ವಲ್ಪ ಹೆಚ್ಚು ಜಾಗ. ಅದಕ್ಕೆ ಗೊತ್ತಿರೋರು ಲಾ ಸ್ಪೆಟ್ಸಿಯಾ ಅಥವಾ ಲೆವಾಂತೊದಲ್ಲಿ ಕಾರು ಬಿಟ್ಟು ಲೋಕಲ್ ರೈಲು ಹತ್ತುತ್ತಾರೆ. ರೈಲು ಐದೂ ಊರಲ್ಲಿ ನಿಲ್ಲುತ್ತೆ. ಕೊರ್ನಿಲಿಯಾ ಅನ್ನೋ ಊರಿಗೆ ಸ್ಟೇಷನ್‌ನಿಂದ ಮೆಟ್ಟಿಲ ದಾರಿಯಲ್ಲಿ ಹೋದ್ರೆ ಮುನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ದೊಡ್ಡ ಸೂಟ್‌ಕೇಸ್ ಇದ್ದವರು ಅಲ್ಲಿ ರೂಮ್ ಮಾಡೋ ಮುಂಚೆ ಯೋಚಿಸಿ.

ಇಟಲಿಯ ಎಷ್ಟೋ ಹಳೇ ಊರುಗಳಲ್ಲಿ ಜಡ್.ಟಿ.ಎಲ್. ಅಂತ ಬೋರ್ಡ್ ಇರುತ್ತೆ. ಅಂದ್ರೆ ಸ್ಥಳೀಯರಿಗೆ, ಅನುಮತಿ ಇದ್ದವರಿಗೆ ಮಾತ್ರ ಪ್ರವೇಶ. ಕ್ಯಾಮೆರಾ ನಂಬರ್ ಪ್ಲೇಟ್ ಫೋಟೊ ತೆಗೆಯುತ್ತೆ. ದಂಡದ ಚೀಟಿ ಬಾಡಿಗೆ ಕಾರಿನ ಕಂಪನಿ ಮೂಲಕ ತಿಂಗಳುಗಳಾದ ಮೇಲೆ ಚಳ್ಳಕೆರೆ ಮನೆಗೂ ಬರಬಹುದು. ರಸ್ತೆ ಪಕ್ಕ ಬಿಳಿ ಗೆರೆ ಇದ್ದರೆ ಸಾಮಾನ್ಯವಾಗಿ ಉಚಿತ, ನೀಲಿ ಇದ್ದರೆ ದುಡ್ಡು ಕೊಡಬೇಕು, ಹಳದಿ ಇದ್ದರೆ ಮೀಸಲು ಜಾಗ. ದಕ್ಷಿಣದ ಅಮಾಲ್ಫಿ ಕರಾವಳಿ ರಸ್ತೆಯಲ್ಲಿ 2022ರಿಂದ ಸೀಸನ್‌ನ ದಟ್ಟಣೆಯ ದಿನಗಳಲ್ಲಿ ಸಮ-ಬೆಸ ನಂಬರಿನ ನಿಯಮವೂ ಇದೆ. ಇನ್ನು, ಇಲ್ಲಿಂದ ಹೊರಡೋ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ. ನಮ್ಮ ಲೈಸೆನ್ಸ್ ಒಂದೇ ಸಾಲದು.

ನಮ್ಮಲ್ಲೂ ಇದು ಶುರುವಾಗಿದೆ. 2024ರ ಮೇ ತಿಂಗಳಿಂದ ಊಟಿ, ಕೊಡೈಕನಾಲ್‌ಗೆ ಕಾರಲ್ಲಿ ಹೋಗೋಕೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶ ಅದು. ಬೇಜಾರಾಗುತ್ತೆ, ಗೊತ್ತು. ಆದ್ರೆ ಒಂದು ಓಣಿಗೆ ಎಷ್ಟು ಕಾರು ಹಿಡಿಯುತ್ತೆ ಅನ್ನೋ ಲೆಕ್ಕ ನಾವೇ ಹಾಕದೇ ಹೋದಾಗ, ಕೋರ್ಟು, ಕ್ಯಾಮೆರಾ ಹಾಕುತ್ತವೆ. ಮೊಳಕಾಲ್ಮುರಿನ ಬೆಟ್ಟದ ಊರುಗಳಲ್ಲಿ ಸದ್ಯಕ್ಕೆ ಅಂಥ ಗೇಟು ಇಲ್ಲ. ಅಲ್ಲಿ ಇರೋದು ಕಟ್ಟೆ, ಕಟ್ಟೆ ಮೇಲೆ ಕೂತ ಯಜಮಾನರು.

ಗೆಳೆಯ ಕೊನೆಗೆ ಲಾ ಸ್ಪೆಟ್ಸಿಯಾದಲ್ಲಿ, ಪಾರ್ಕಿಂಗ್ ಇರೋ ರೂಮ್ ಬುಕ್ ಮಾಡಿದ. "ಇಳಿದು ನಡೀತೀವಿ ಬಿಡು" ಅಂದ.

ನೀವೂ ಇಂಥ ಊರಿಗೆ ಹೋಗಿ ಪೇಚಾಡಿದ್ದರೆ ನಮಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಈ ವಾರಾಂತ್ಯ ಬೆಟ್ಟದ ಕಡೆ ಹೊರಟಿದ್ದರೆ, ಒಂದು ಚೀಟಿ, ಒಂದು ಪೆನ್ನು ಕಾರಲ್ಲಿ ಇಟ್ಕೊಳ್ಳಿ. ನಿಮ್ಮ ನಂಬರ್ ಬರೆದಿಡೋಕೆ. ಸಿಗೋಣ.