ಕ್ರೀಡಾಪಟುವಿನ ಸಂಭಾವನೆಯೂ ದಂಡನೆಯ ನ್ಯಾಯವೂ

ನಮ್ಮ ರಾಯಚೂರು ಸೀಮೆಯ ಜಾತ್ರೆಯಲ್ಲಿ ಕುಸ್ತಿ ಗೆದ್ದ ಜಟ್ಟಿಗೆ ಬೆಳ್ಳಿಯ ಕಡಗ ತೊಡಿಸುವುದು ಗೌರವವೇ ಹೊರತು ಅಪರಾಧವಲ್ಲ. ಆದರೆ ‘ಹವ್ಯಾಸಿ’ ನಿಯಮಕ್ಕೊಳಪಟ್ಟ ಕ್ರೀಡೆಗಳಲ್ಲಿ ಹಣ ಪಡೆದುದೇ ಅಪರಾಧವೆನಿಸಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನದ ಪದಕಗಳನ್ನು ಗಳಿಸಿದ ಕಾರ್ಲೈಲ್ ಶಾಲೆಯ ವಿದ್ಯಾರ್ಥಿ ಜಿಮ್ ಥಾರ್ಪನು, ಹಿಂದೆ ಅಲ್ಪ ವೇತನಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣದಿಂದ 1913ರಲ್ಲಿ ಅವುಗಳನ್ನು ಕಳೆದುಕೊಂಡನು. ಆಕ್ಷೇಪಕ್ಕೆ ವಿಧಿಸಿದ್ದ 30 ದಿನಗಳ ಅವಧಿ ಆಗಲೇ ಮೀರಿದ್ದಿತು. ದಂಡಿಸಿದವರೇ ನಿಯಮವನ್ನು ಮುರಿದಂತಾಯಿತು. 1982ರಲ್ಲಿ ಗೌರವವು ಮರಳಿತು. ಥಾರ್ಪನು 1953ರಲ್ಲಿಯೇ ತೀರಿಕೊಂಡಿದ್ದನು.

ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು 2021ರಲ್ಲಿ ಅನುಮತಿ ದೊರೆಯಿತು. ನಿಯಮವನ್ನು ಪಾಲಿಸುವ ಹೊಣೆ ಆಟಗಾರನದೆಂಬುದು ನಿಜ. ಆದರೆ ಪಂದ್ಯದ ಆದಾಯವನ್ನೆಲ್ಲ ಸಂಸ್ಥೆಯು ಪಡೆದು, ಅಲ್ಪವನ್ನು ಪಡೆದ ವಿದ್ಯಾರ್ಥಿಯ ಗೆಲುವನ್ನೇ ಅಳಿಸುವ ದಂಡನೆ ತಪ್ಪಿಗೆ ತಕ್ಕುದೆನಿಸದು.